ಕಾಗದಕ್ಕೆ ಬಳಿದ ಮಣ್ಣು

ನಾವು ಮೂವರು. ಒಬ್ಬ ಗೋಕಾಕದ ಓಣಿಯವ, ಒಬ್ಬ ಮೂಡಲಗಿ ಕಡೆಯವ, ಒಬ್ಬ ಹುಕ್ಕೇರಿ ತಾಲೂಕಿನ ಹಳ್ಳಿಯವ. ಮೂವರ ಮನೆತನದಲ್ಲೂ ನಮಗಿಂತ ಮೊದಲು ಡಿಗ್ರಿ ಮುಟ್ಟಿದವರಿಲ್ಲ. ಮೂವರೂ ಕವಿತೆ ಬರೆಯುತ್ತೇವೆ, ಮೂವರಿಗೂ ಖಾಯಂ ನೌಕರಿ ಇಲ್ಲ. ಒಬ್ಬೊಬ್ಬರೇ ಪುಸ್ತಕ ಮಾಡುವ ತಾಕತ್ತಿಲ್ಲದ್ದಕ್ಕೆ ಮೂವರ ಕವಿತೆಗಳನ್ನೂ ಒಂದೇ ಪುಸ್ತಕದಲ್ಲಿ ಹಾಕೋಣ, ಖರ್ಚು ಮೂರು ಪಾಲಾಗಲಿ ಎಂದುಕೊಂಡು ಹೋದ ಮಳೆಗಾಲದ ಒಂದು ದಿನ ಗೋಕಾಕದಲ್ಲಿ ಒಂದು ಪ್ರೆಸ್ಸಿನ ಮೆಟ್ಟಿಲು ಹತ್ತಿದೆವು. ಪುಸ್ತಕಕ್ಕೆ ಯಾವ ಕಾಗದ ಎಂಬ ಸಣ್ಣ ಪ್ರಶ್ನೆಯೊಂದು ಅಲ್ಲಿಂದ ನಮ್ಮನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರೆಸ್ಸಿನವರು ಕಾಗದದ ಮಾದರಿಗಳನ್ನು ನಮ್ಮ ಮುಂದೆ ಹರಡಿದರು. ಮೊದಲು ನ್ಯೂಸ್‌ಪ್ರಿಂಟ್, ಆಮೇಲೆ ಮ್ಯಾಪ್‌ಲಿಥೋ, ಕಡೆಗೆ ಒಂದು ಹೊಳೆಯುವ ಹಾಳೆ.

'ಕೈಯಾಡಿಸ್ರಿ ಇದರ ಮ್ಯಾಲ. ಇದು ಆರ್ಟ್ ಪೇಪರ್. ಕನ್ನಡಿ ಆದಂಗ ಆಗೇತಿ. ಆದ್ರ ಕವಿತಾಕ್ಕ ಇದ್ಯಾಕ ಬಿಡ್ರಿ, ನಿಮ್ಮಂಥಾವರಿಗಿ ದುಬಾರಿ ಆಗತೈತಿ' ಅಂದರು.

'ನಿಮ್ಮಂಥಾವರು' ಅಂದರೆ ಯಾರು? ಕವಿತೆ ಬರೆಯುವವರೋ, ನೌಕರಿ ಇಲ್ಲದವರೋ, ಕೇರಿಯಿಂದ ಬಂದವರೋ? ಆ ಮಾತಿನೊಳಗೆ ಮೂರೂ ಇರಬಹುದು, ಒಂದೂ ಇರಲಿಕ್ಕಿಲ್ಲ. ಇಂಥ ಮಾತನ್ನು ಜರಡಿ ಹಿಡಿಯುವುದು ನಮಗೆ ಹುಟ್ಟಿನಿಂದ ಬಂದ ಚಟ. ಆ ಸಿಟ್ಟಿನಲ್ಲೇ ನಾವು ಕೇಳಿದೆವು: 'ಇದು ಯಾಕ ಇಷ್ಟ ಹೊಳೀತೈತಿ?'

'ಕೋಟಿಂಗ್ ಇರತೈತ್ರಿ.'

'ಏನಿನ ಕೋಟಿಂಗ್?'

ಅವರಿಗೆ ಗೊತ್ತಿರಲಿಲ್ಲ. ನಮ್ಮೊಳಗಿನ ಹುಕ್ಕೇರಿಯವ ನಕ್ಕ. 'ನಮ್ಮ ಕಾಕಾಗ ಗೊತ್ತೈತಿ. ಹನ್ನೊಂದ ವರ್ಷ ಅದನ್ನ ಹೊತ್ತಾನ ಅಂವ. ಮಣ್ಣ ಅದು.'

ಕಾಕಾನ ಮನೆಗೆ ನಾವು ಮೂವರೂ ಹೋದೆವು. ಕಾಕಾ ಸಾಲಿಯ ಮುಖ ಕಂಡವನಲ್ಲ. ಹರೆಯದಲ್ಲಿ ಗುತ್ತಿಗೆದಾರನ ಹಿಂದೆ ಹೋಗಿ ಜಿಲ್ಲೆಯ ಹೊರಗಿನ ಒಂದು ಕಾಗದದ ಕಾರ್ಖಾನೆಯಲ್ಲಿ ದುಡಿದವ. ಲಾರಿಯಿಂದ ಐವತ್ತು ಕಿಲೋದ ಚೀಲ ಇಳಿಸುವುದು ಅವನ ಕೆಲಸ. ಚೀಲದ ತುಂಬ ಬಿಳಿ ಹಿಟ್ಟು. ಅದಕ್ಕೆ ಅಲ್ಲಿ 'ಚೈನಾ ಕ್ಲೇ' ಅನ್ನುತ್ತಿದ್ದರು. ಪುಸ್ತಕದಲ್ಲಿ ಅದರ ಹೆಸರು ಕೆಯೊಲಿನ್. ಆಮೇಲೆ ಅವನನ್ನು ಒಳಗೆ ಹಾಕಿದರಂತೆ, ಮಣ್ಣು ಕಲಸುವ ಜಾಗಕ್ಕೆ. ಆ ಜಾಗದ ಹೆಸರು ಕಿಚನ್. ಕಾಗದದ ಕಾರ್ಖಾನೆಗಳಲ್ಲಿ ಅದನ್ನು ಹಾಗೇ ಕರೆಯುತ್ತಾರೆ.

'ನಮ್ಮೂರಾಗ ಯಾರ ಅಡಿಗಿಮನಿ ಹೊಸ್ತಲಾನೂ ನಾ ದಾಟಿಲ್ಲ. ಅಲ್ಲಿ ಹೋಗಿ ನೋಡಿದ್ರ ನನ್ನ ಕಿಚನ್ನಿಗೇ ಹಾಕಿದ್ರು' ಎಂದು ಕಾಕಾ ನಕ್ಕ. ನಕ್ಕಾಗ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ನಾವು ಸುಮ್ಮನೆ ಕುಂತೆವು.

ಆಮೇಲೆ ಅವನು ಹೇಳಿದ: 'ಬರೇ ಕಾಗದ ಅಂದ್ರ ನಾರ. ಕಣ್ಣಿಗಿ ಸಪಾಟ ಕಾಣತೈತಿ ಖರೆ, ಆದ್ರ ಒಳಗ ತಗ್ಗ ದಿನ್ನಿ ಇರತಾವ. ಶಾಯಿ ಹಾಕಿದ್ರ ಕುಡದಬಿಡತೈತಿ. ಅದಕ್ಕ ಮಣ್ಣ, ನೀರ, ಅಂಟ ಮೂರೂ ಕೂಡಿಸಿ ಬಡದ ಬಡದ ಹಾಲಿನಂಗ ಮಾಡೂದು. ಓಡೂ ಕಾಗದದ ಮ್ಯಾಲ ಅದನ್ನ ಹಚ್ಚೂದು. ಹೆಚ್ಚಾಗಿದ್ದನ್ನ ಒಂದು ಉದ್ದನ ಪಾತಿ ಕೆರದ ತಗೀತೈತಿ. ಬಿಸಿ ಗಾಳಿಯೊಳಗ ಒಣಗತೈತಿ. ಆಮ್ಯಾಲ ದೊಡ್ಡ ದೊಡ್ಡ ಉರುಳಿನ ನಡುವ ಹಾಕಿ ತಿಕ್ಕೂದು. ನಿಮ್ಮ ಅವ್ವ ನೆಲಾ ಸಾರಸತಾಳಲ್ಲ, ಅಷ್ಟ ಅದು.'

ನಾವು ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆವು. ಕಾಕಾ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನೂರು ಪಾಲು ಮಣ್ಣಿಗೆ ಸುಮಾರು ಹತ್ತರಿಂದ ಹದಿನೈದು ಪಾಲು ಅಂಟು. ಒಂದು ಚದರ ಮೀಟರ್ ಕಾಗದದ ಒಂದು ಮಗ್ಗುಲಿಗೆ ಹತ್ತು ಇಪ್ಪತ್ತು ಗ್ರಾಂ ಲೇಪ. ಒಳ್ಳೆಯ ಆರ್ಟ್ ಪೇಪರ್ ಒಂದು ಕಿಲೋ ತೂಗಿದರೆ ಅದರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಣ್ಣು, ಕಲ್ಲುಪುಡಿಯೇ ಇರುತ್ತದೆ. ಕೆಯೊಲಿನ್ನಿನ ಕಣ ಚಪ್ಪಟೆ ಬಿಲ್ಲೆಯ ಹಾಗೆ. ಲೇಪಕ್ಕೆ ಬಳಸುವ ಮಣ್ಣಿನಲ್ಲಿ ಹೆಚ್ಚಿನ ಕಣಗಳು ಎರಡು ಮೈಕ್ರಾನಿಗಿಂತ ಸಣ್ಣವು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆ ಬಿಲ್ಲೆಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಮಲಗಿ ನಾರಿನ ತಗ್ಗನ್ನೆಲ್ಲ ಮುಚ್ಚುತ್ತವೆ. ಅದಕ್ಕೇ ಬೆಳಕು ಒಂದೇ ಕಡೆಗೆ ತಿರುಗಿ ಹೊಳೆಯುತ್ತದೆ, ಶಾಯಿ ಒಳಗಿಳಿಯದೆ ಮೇಲೆಯೇ ನಿಂತು ಚಿತ್ರ ಚೊಕ್ಕ ಕಾಣುತ್ತದೆ. ಈಗೀಗ ಸುಣ್ಣಕಲ್ಲಿನ ಪುಡಿ ಇದರ ಜಾಗವನ್ನು ಬಹಳಷ್ಟು ಹಿಡಿದಿದೆ. ಆದರೂ ಕೆಯೊಲಿನ್ ಹೋಗಿಲ್ಲ.

ಈ ಮಣ್ಣು ಹುಟ್ಟುವುದು ಕಲ್ಲು ಕೊಳೆತು. ಬೆಣಚುಕಲ್ಲಿನ ಜೊತೆ ಇರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಲಕ್ಷಗಟ್ಟಲೆ ವರ್ಷ ಮಳೆ, ಶಾಖ ತಿಂದು ಮೆತ್ತಗಾಗಿ ಕೆಯೊಲಿನ್ ಆಗುತ್ತದೆ. ಚೀನಾದ ಜಿಂಗ್‌ಡೆಜೆನ್ ಊರಿನ ಬಳಿ ಗಾವೊಲಿಂಗ್ ಎಂಬ ಗುಡ್ಡವಿದೆ. ಹೆಸರು ಬಂದದ್ದು ಅಲ್ಲಿಂದ. ಇಂಗ್ಲೆಂಡಿನ ಕಾರ್ನ್‌ವಾಲ್, ಅಮೆರಿಕದ ಜಾರ್ಜಿಯಾ ಈ ಮಣ್ಣಿಗೆ ಹೆಸರಾದ ನೆಲಗಳು. ನಮ್ಮ ಕಡೆ ಕೇರಳದಲ್ಲಿ ಕೆಂಪು ಜಂಬಿಟ್ಟಿಗೆಯ ಪದರದ ಕೆಳಗೆ ಸಿಗುತ್ತದೆ. ಅಗೆದಾಗ ಅದೂ ಶುದ್ಧ ಬಿಳಿ ಅಲ್ಲ. ಮರಳು ಬೆರೆತಿರುತ್ತದೆ, ಕಬ್ಬಿಣದ ಕೆಂಪು ಕಲೆ ಇರುತ್ತದೆ. ನೀರಲ್ಲಿ ತೊಳೆದು, ಮರಳನ್ನು ತಳಕ್ಕಿಳಿಸಿ, ರಸಾಯನ ಹಾಕಿ ಆ ಕೆಂಪು ತೆಗೆಯುತ್ತಾರೆ. ಬಿಳುಪು ಎಷ್ಟು ಎಂದು ಯಂತ್ರದಲ್ಲಿ ಅಳೆದು ಅದರ ಮೇಲೆ ಬೆಲೆ ಕಟ್ಟುತ್ತಾರೆ. ಬಣ್ಣ ನೋಡಿ ಬೆಲೆ ಕಟ್ಟುವ ಚಟ ಮಣ್ಣನ್ನೂ ಬಿಟ್ಟಿಲ್ಲ.

ನಮ್ಮ ಗೋಕಾಕ ಮೂಡಲಗಿಯ ಎರೆಮಣ್ಣು ಈ ಕೆಲಸಕ್ಕೆ ಬರುವುದಿಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಕೆಯೊಲಿನ್ ಉಬ್ಬುವುದಿಲ್ಲ, ಬಿರಿಯುವುದಿಲ್ಲ. ಎರೆ ಜೋಳ ಕೊಡುತ್ತದೆ, ಈಗ ಹಿಡಕಲ್ಲಿನ ನೀರು ಕುಡಿದು ಕಬ್ಬು ಕೊಡುತ್ತದೆ. ಅವರವರ ಕೆಲಸ ಅವರವರಿಗೆ ಎಂದು ನಾವು ಅನ್ನಬಹುದಿತ್ತು. ಆದರೆ ಆ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ; ಅದನ್ನೇ ಹೇಳಿ ಹೇಳಿ ನಮ್ಮನ್ನು ಊರ ಹೊರಗೆ ಇಟ್ಟಿದ್ದಾರೆ.

ಗೋಕಾಕದಲ್ಲೇ ಈ ವಿದ್ಯೆಯ ಇನ್ನೊಂದು ರೂಪ ಇದೆ ಎಂಬುದು ನಮಗೆ ಆಮೇಲೆ ಹೊಳೆಯಿತು. ಗೋಕಾಕದ ಗೊಂಬೆ, ಮಣ್ಣಿನ ಹಣ್ಣುಕಾಯಿ ಮಾಡುವ ಒಬ್ಬ ಹಿರಿಯರ ಹತ್ತಿರ ಹೋಗಿ ಕುಂತೆವು. ಬಣ್ಣ ಹಚ್ಚುವ ಮೊದಲು ಅವರು ಕಟ್ಟಿಗೆಯ ಗೊಂಬೆಗೆ ಬಿಳಿ ಅಸ್ತರಿ ಹಚ್ಚುತ್ತಿದ್ದರು.

'ಯಾಕ್ರೀ ಅಜ್ಜಾ ಬಿಳಿ?'

'ಕಟ್ಟಿಗಿ ಬಣ್ಣಾ ಕುಡೀತೈತಿ ತಮ್ಮಾ. ಕುಡೀಬಾರದಂದ್ರ ಮೊದಲ ಅದರ ಬಾಯಿ ಮುಚ್ಚಬೇಕ.'

ಕಾಕಾ ಹೇಳಿದ್ದೂ ಅದೇ. ಕೋಟ್ಯಂತರ ರೂಪಾಯಿಯ ಯಂತ್ರ ಮಾಡುವ ಕೆಲಸದ ತಿರುಳು ಅಜ್ಜನ ಕುಂಚದಲ್ಲಿತ್ತು, ನಮ್ಮ ಅವ್ವಂದಿರು ಹಬ್ಬಕ್ಕೆ ಗ್ವಾಡಿಗೆ ಸುಣ್ಣ ಬಳಿಯುವಾಗ ಅವರ ಕೈಯಲ್ಲಿತ್ತು. ಓದಿದವರು ನಾವು, ಇದನ್ನು ನಾವು ನೋಡಿರಲಿಲ್ಲ.

ಅಂಟಿನ ಕಥೆ ಇನ್ನೂ ಒಳಗೆ ಹೋಗುತ್ತದೆ. ಈಗ ಪಿಷ್ಟ ಹಾಗೂ ಲ್ಯಾಟೆಕ್ಸ್ ಬಳಸುತ್ತಾರೆ. ಮೊದಲು ಹಾಗಿರಲಿಲ್ಲ. ಯುರೋಪಿನಲ್ಲಿ ಕೈಯಿಂದ ಕಾಗದ ಮಾಡುವ ಕಾಲದಲ್ಲಿ ಶಾಯಿ ಹರಡಬಾರದೆಂದು ಹಾಳೆಗಳನ್ನು ಅದ್ದುತ್ತಿದ್ದದ್ದು ತೊಗಲಿನ ಚೂರು ಕುದಿಸಿ ತೆಗೆದ ಸರಸಿನಲ್ಲಿ. ಮೊದಮೊದಲಿನ ಲೇಪದ ಕಾಗದಗಳಲ್ಲೂ ಮಣ್ಣನ್ನು ಹಿಡಿದು ನಿಲ್ಲಿಸಿದ್ದು ಪ್ರಾಣಿಗಳ ಅಂಟೇ. ಆಮೇಲೆ ಹಾಲಿನಿಂದ ತೆಗೆದ ಕೇಸೀನ್ ಬಂತು. ನಮ್ಮೊಳಗಿನ ಮೂಡಲಗಿಯವನ ಮುತ್ತ್ಯಾ ತೊಗಲು ಹದ ಮಾಡಿದವ. ಅವನ ಮೈಯ ವಾಸನೆಗೆ ಮೂಗು ಮುಚ್ಚಿಕೊಂಡು ಹೋದವರ ಕಥೆಗಳನ್ನು ಕೇಳುತ್ತ ಬೆಳೆದವ ಅವನು. ಧರ್ಮಗ್ರಂಥವೋ, ಕಾನೂನೋ, ಕಾವ್ಯವೋ, ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಉಳಿದ ಎಷ್ಟೋ ಹೊತ್ತಿಗೆಗಳು ತೊಗಲಿನ ಸರಸಿನ ಮೇಲೆ ನಿಂತಿವೆ ಎಂದು ತಿಳಿದ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವಂತೆ. 'ಮುತ್ತ್ಯಾ ಇದ್ದಿದ್ರ ಹೇಳತಿದ್ನಿ' ಅಂದ.

ಕಾಗದದ ಲೆಕ್ಕದಲ್ಲಿ ನಮ್ಮ ಜನರ ಹೆಸರು ಹೀಗೇ ಕಾಣೆಯಾಗುತ್ತದೆ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಎದ್ದಾಗ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟದ್ದನ್ನು ಮಾಧವ ಗಾಡ್ಗೀಳರು ಬರೆದಿದ್ದಾರೆ. ಅದೇ ಬಿದಿರಿನಿಂದ ಬುಟ್ಟಿ ಹೆಣೆದು ಬದುಕುವ ಮೇದಾರರಿಗೆ ಆ ದರದಲ್ಲಿ ಬಿದಿರು ಸಿಗಲಿಲ್ಲ. ಬಿದಿರು ಹಾಳೆಯಾಯಿತು, ಹಾಳೆಯ ಮೇಲೆ ಮೇದಾರರ ಬಗ್ಗೆ ಪಾಠವೂ ಬಂದಿರಬಹುದು.

ಈಗ ನಮ್ಮ ಮನಸ್ಸಿಗೆ ಚುಚ್ಚಿದ ಸಂಗತಿಗೆ ಬರುತ್ತೇವೆ.

2019ರ ಆಗಸ್ಟ್. ಘಟಪ್ರಭಾ, ಮಾರ್ಕಂಡೇಯ ಎರಡೂ ಹೊಳೆ ಒಮ್ಮೆಲೇ ಏರಿದವು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟರು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಊರೊಳಗೆ ಹೊಳೆ ಬಂತು. ನಾವಾಗ ಕಾಲೇಜಿನ ಹುಡುಗರು. ಓಣಿಯಲ್ಲಿ ಒಂದು ಕೋಣೆ ಹಿಡಿದು ಅಲ್ಲಿ ಇಲ್ಲಿ ಬೇಡಿ ತಂದ ಇನ್ನೂರು ಪುಸ್ತಕಗಳ ವಾಚನಾಲಯ ಮಾಡಿದ್ದೆವು. ನೀರು ಇಳಿದ ಮೇಲೆ ಬಾಗಿಲು ದೂಡಿದರೆ ಒಳಗೆಲ್ಲ ರಾಡಿ. ಬಾಬಾಸಾಹೇಬರ ಸಂಪುಟಗಳು, ಪಠ್ಯಪುಸ್ತಕ, ನಮ್ಮ ನೋಟ್‌ಬುಕ್ಕು ಎಲ್ಲ ನೆನೆದು ಉಬ್ಬಿದ್ದವು. ಕಟ್ಟೆಯ ಮೇಲೆ ಹರಡಿದೆವು. ನಾಲ್ಕು ದಿನಕ್ಕೆ ಒಣಗಿದವು. ಸೊಟ್ಟಗಾದವು, ಕಲೆಯಾದವು, ಆದರೆ ಹಾಳೆ ಬಿಚ್ಚಲಿಕ್ಕೆ ಬಂತು, ಓದಲಿಕ್ಕೆ ಬಂತು. ಅವೆಲ್ಲ ಸಾದಾ ಕಾಗದದವು.

ಒಂದು ಪುಸ್ತಕ ಮಾತ್ರ ಬಿಚ್ಚಲಿಲ್ಲ. ಬಹಳ ವರ್ಷದ ಹಿಂದೆ ಜಯಂತಿಯ ಸಮಿತಿಯವರು ಹೊರತಂದ ಸ್ಮರಣ ಸಂಚಿಕೆ ಅದು. ಸಾಹೇಬರ ಹೆಸರಿನ ಪುಸ್ತಕ ಹಗುರ ಕಾಗದದಲ್ಲಿ ಬರಬಾರದು ಎಂದು ಓಣಿಯವರು ಕೂಲಿ ಹಣ ಹಾಕಿ ಆರ್ಟ್ ಪೇಪರಿನಲ್ಲಿ ಮಾಡಿಸಿದ್ದರು. ಅದರಲ್ಲಿ ಗೋಕಾಕದವನ ಮುತ್ತ್ಯಾನ ಫೋಟೋ ಇತ್ತು, ಪಟಕಾ ಸುತ್ತಿಕೊಂಡು ಸಾಲಿನಲ್ಲಿ ನಿಂತದ್ದು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಾಬಾಸಾಹೇಬರು ಬಂದಾಗ ತನ್ನ ಅಪ್ಪ ನಡೆದುಕೊಂಡೇ ಹೋಗಿದ್ದ ಎಂದು ಆ ಮುತ್ತ್ಯಾ ಹೇಳುತ್ತಿದ್ದನಂತೆ. ಅವನ ಇನ್ನೊಂದು ಫೋಟೋ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ನಾವು ಆ ಸಂಚಿಕೆಯನ್ನು ಎಲ್ಲಕ್ಕಿಂತ ಜೋಪಾನವಾಗಿ ಬಿಸಿಲಿಗೆ ಇಟ್ಟೆವು. ಒಣಗಿ ಇಟ್ಟಂಗಿಯಾಯಿತು. ಬಿಡಿಸಲು ಹೋದರೆ ಬಿಳಿ ಚಕ್ಕೆ ಎದ್ದು ಬಂತು, ಮುಖ ಹೋಯಿತು. ನಾವು ಅದನ್ನು ವಿಧಿಯ ಲೆಕ್ಕಕ್ಕೆ ಬರೆದು ಸುಮ್ಮನಾದೆವು. ಒಬ್ಬ ಅದರ ಮೇಲೆ ಕವಿತೆಯನ್ನೂ ಬರೆದ.

ಈಗ ಈ ಮಾತು ಕಾಕಾನ ಮುಂದೆ ಬಂದಾಗ ಅವನು ತಲೆ ಮೇಲೆ ಕೈ ಹೊತ್ತ.

'ಬಿಸಿಲಿಗಿ ಇಟ್ರ್ಯಾ? ಅದರಾಗ ಅಂಟ ಐತೆಲ್ಲೋ ತಮ್ಮಾ. ನೀರ ಕುಡದ್ರ ಅಂಟ ಮತ್ತ ಮೆತ್ತಗ ಆಗತೈತಿ. ಹಾಳಿಗಿ ಹಾಳಿ ಹತ್ತಿ ಒಣಗಿದ್ರ ದೇವ್ರು ಬಂದ್ರೂ ಬಿಡಸಾಕ ಆಗೂದಿಲ್ಲ. ಹಸಿ ಇದ್ದಾಗನ ಒಂದೊಂದ ಹಾಳಿ ಬಿಡಿಸಿ ನಡುವ ಪ್ಲಾಸ್ಟಿಕ್ ಇಡಬೇಕಾಗಿತ್ತ. ನನ್ನ ಕೇಳೂದಲ್ಲೇನೋ?'

ಯಾರು ಕೇಳಬೇಕಿತ್ತು? ಗೋಕಾಕದಿಂದ ಕಾಕಾನ ಊರು ದೂರವಿರಲಿಲ್ಲ. ಹೊಳೆ ಇಳಿದ ಮೇಲೆ ನಾವು ಕಾಲೇಜಿನ ಲೈಬ್ರರಿಯಲ್ಲಿ ಕೇಳಿದ್ದೆವು, ಪ್ರೊಫೆಸರರನ್ನು ಕೇಳಿದ್ದೆವು. ನಮ್ಮದೇ ರಕ್ತದ ಒಬ್ಬ ಮನುಷ್ಯ ಹನ್ನೊಂದು ವರ್ಷ ಅದೇ ಮಣ್ಣಿನಲ್ಲಿ ಕೈಯಿಟ್ಟು ಕುಂತಿದ್ದ. ಅವನಿಗೆ ಸಹಿ ಬರುವುದಿಲ್ಲವೆಂದು ಅವನಿಗೆ ಏನೂ ಬರುವುದಿಲ್ಲ ಎಂದು ತಿಳಿದುಕೊಂಡಿದ್ದೆವು. ಅಕ್ಷರ ನಮಗೆ ಕೊಟ್ಟ ಕಣ್ಣುಗಳ ಜೊತೆಗೆ ಈ ಒಂದು ಪೊರೆಯನ್ನೂ ಕೊಟ್ಟಿದೆ. ಮೇಲಿನವರು ನಮಗೆ ಮಾಡಿದ್ದನ್ನು ನಾವು ಕಾಕಾನಿಗೆ ಮಾಡಿದ್ದೆವು.

ಓದುವ ಗೆಳೆಯರಿಗೆ, ಹಳ್ಳಿ ಶಾಲೆಯ ಮಾಸ್ತರರಿಗೆ ಇದನ್ನು ನೆಟ್ಟಗೆ ಹೇಳಿಬಿಡುತ್ತೇವೆ. ಹೊಳೆಸಾಲಿನ ಊರುಗಳಲ್ಲಿ ಹೊಳೆಯುವ ಕಾಗದದ ಪುಸ್ತಕ, ಅಂಥ ಕಾಗದದಲ್ಲಿ ಅಚ್ಚಾದ ಫೋಟೋ ಇದ್ದರೆ ಮೊದಲು ಅವನ್ನು ಎತ್ತರಕ್ಕಿಡಿ. ನೆನೆದರೆ ಒಣಗಲು ಬಿಡಬೇಡಿ. ಹಸಿಯಿದ್ದಾಗಲೇ ಹಾಳೆ ಹಾಳೆ ಬೇರ್ಪಡಿಸಿ, ನಡುವೆ ಮೇಣದ ಹಾಳೆಯನ್ನೋ ಪ್ಲಾಸ್ಟಿಕ್ಕನ್ನೋ ಇಟ್ಟು ನೆರಳಲ್ಲಿ ಆರಿಸಿ. ಅಷ್ಟು ವ್ಯವಧಾನ ಇಲ್ಲದಿದ್ದರೆ ಒದ್ದೆಯ ಪುಸ್ತಕವನ್ನು ಹಾಗೇ ಚೀಲದಲ್ಲಿ ಸುತ್ತಿ ಆರೆಂಟು ತಾಸಿನೊಳಗೆ ಫ್ರೀಜರಿನಲ್ಲಿಡಿ. ಮಂಜುಗಟ್ಟಿದ ಪುಸ್ತಕವನ್ನು ಆಮೇಲೆ ತಿಳಿದವರ ಕೈಗೆ ಕೊಡಬಹುದು. ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿದರೂ ಸರಿ. ದೊಡ್ಡ ಗ್ರಂಥಾಲಯಗಳವರು ಮಾಡುವುದೂ ಇದನ್ನೇ.

ಮರುದಿನ ನಾವು ಮೂವರೂ ಸೇರಿ ಒಂದು ಠರಾವು ಮಾಡಿದೆವು. ನಮ್ಮ ಪುಸ್ತಕಕ್ಕೆ ಆರ್ಟ್ ಪೇಪರಿನ ಒಂದು ಚೂರೂ ಬೇಡ. ಮುಖಕ್ಕೆ ಬಿಳಿ ಬಳಿದುಕೊಂಡ ಕಾಗದ ನಮ್ಮದಲ್ಲ. ಒಳಹಾಳೆ, ಮುಖಪುಟ ಎಲ್ಲ ಸಾದಾ. ಈ ಠರಾವು ನಮಗೆ ಬಹಳ ಕ್ರಾಂತಿಕಾರಿ ಎನಿಸಿತು. ಅದನ್ನು ಕಾಕಾನಿಗೆ ಹೇಳಿ ಖುಷಿಪಡಿಸೋಣ ಎಂದು ಮತ್ತೆ ಹೋದೆವು.

ಕಾಕಾ ಖುಷಿಪಡಲಿಲ್ಲ.

'ಸಾದಾ ಕಾಗದದಾಗ ಮಣ್ಣಿಲ್ಲಂತ ಯಾರ ಹೇಳಿದ್ರು ನಿಮಗ? ಅದರಾಗೂ ಐತಿ. ಇದರ ಮೈ ಮ್ಯಾಲ ಐತಿ, ಅದರ ಹೊಟ್ಟ್ಯಾಗ ಐತಿ, ಅಷ್ಟ.' ಅದೂ ನಿಜ. ಬರೆಯುವ, ಅಚ್ಚಿಸುವ ಸಾದಾ ಕಾಗದದ ತಿರುಳಿನಲ್ಲೂ ಮಣ್ಣೋ ಸುಣ್ಣಕಲ್ಲಿನ ಪುಡಿಯೋ ಬೆರೆಸಿರುತ್ತಾರೆ. ಆಮೇಲೆ ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: 'ನಾ ಮಾಡಿದ ಕಾಗದ ಎಂಥೆಂಥಾ ಮಂದಿ ಕೈಗಿ ಹೋಗೇತಿ. ಲಗ್ನಪತ್ರ ಆಗೇತಿ, ಮಂತ್ರಿಗಳ ಫೋಟೋ ಆಗೇತಿ. ನನ್ನ ಮಕ್ಕಳ ಹೆಸರ ಒಂದರ ಮ್ಯಾಲೂ ಬಂದಿಲ್ಲ. ಈಗ ಬರೂ ಹೊತ್ತಿಗಿ ನೀವ ಒಲ್ಲಿ ಅಂತೀರಿ?'

ನಮಗೆ ಉತ್ತರ ಇರಲಿಲ್ಲ. ಆ ಹನ್ನೊಂದು ವರ್ಷಕ್ಕೆ ಅವನ ಹತ್ತಿರ ಒಂದು ಚೀಟಿ ಇಲ್ಲ. ಗುತ್ತಿಗೆದಾರನ ವಹಿಯಲ್ಲಿ ಹೆಬ್ಬೆಟ್ಟು ಒತ್ತಿ ಪಗಾರ ತಗೊಂಡವ. ಭವಿಷ್ಯನಿಧಿ ಇಲ್ಲ, ಪಿಂಚಣಿ ಇಲ್ಲ. ಉಳಿದದ್ದು ಕೆಮ್ಮು. ಕೆಯೊಲಿನ್ ಧೂಳನ್ನು ವರ್ಷಗಟ್ಟಲೆ ಒಳಗೆಳೆದುಕೊಂಡವರ ಪುಪ್ಪುಸದಲ್ಲಿ ಅದು ಕುಂತು ರೋಗವಾಗುತ್ತದೆ ಎಂಬುದು ಕಾರ್ನ್‌ವಾಲಿನ ಮಣ್ಣಿನ ಕೆಲಸಗಾರರ ಎದೆಯ ಎಕ್ಸ್‌ರೇಗಳಿಂದ ವೈದ್ಯರಿಗೆ ಯಾವತ್ತೋ ಗೊತ್ತಾಗಿದೆ. ಕಾಕಾನ ಕೆಮ್ಮನ್ನು ಮಾತ್ರ ಡಾಕ್ಟರು ಮೊದಲು ಟಿ.ಬಿ. ಅಂದರು, ಆಮೇಲೆ ಬೀಡಿ ಅಂದರು. ನೀನು ಎಲ್ಲಿ ದುಡಿದಿ ಎಂದು ಯಾರೂ ಕೇಳಲಿಲ್ಲ. ಅವನು ಬೀಡಿ ಸೇದಿದವನಲ್ಲ.

ಹೊರಡುವಾಗ ಅವನು ನಮ್ಮ ಕೈಲಿದ್ದ ಮಾದರಿ ಹಾಳೆಗಳನ್ನು ಇಸಿದುಕೊಂಡ. ಬೆರಳಲ್ಲಿದ್ದ ಬೆಳ್ಳಿಯ ಉಂಗುರ ತೆಗೆದು ಸಾದಾ ಹಾಳೆಯ ಮೇಲೆ ಗೀಚಿದ, ಏನೂ ಮೂಡಲಿಲ್ಲ. ಆರ್ಟ್ ಪೇಪರಿನ ಮೇಲೆ ಗೀಚಿದ. ಪೆನ್ಸಿಲ್ಲಿನಂಥ ಕಪ್ಪು ಗೆರೆ ಎದ್ದಿತು. ಮಣ್ಣಿನ ಕಣ ಬೆಳ್ಳಿಯನ್ನು ತಿಕ್ಕಿ ತನ್ನ ಮೇಲೆ ಇಳಿಸಿಕೊಳ್ಳುತ್ತದೆ. ಕಾಗದಕ್ಕೆ ಲೇಪ ಇದೆಯೋ ಇಲ್ಲವೋ ನೋಡುವ ಹಳೆಯ ಪರೀಕ್ಷೆ ಇದು. 'ಹಿಂಗ ನೋಡ್ತಿದ್ವಿ ನಾವು' ಅಂದ. ಒಂದಲ್ಲ, ನಾಲ್ಕೈದು ಗೆರೆ ಎಳೆದ. ಸ್ಲೇಟು ಹಿಡಿಯದ ಕೈ ಅದು.

ನಾವು ಠರಾವು ಬದಲಿಸಿದೆವು. ಒಳಹಾಳೆ ಸಾದಾ ಮ್ಯಾಪ್‌ಲಿಥೋ. ಹೊಳೆ ಬಂದರೂ ಒಣಗಿಸಿ ಓದಬಹುದು, ಬೆಲೆಯೂ ನಮ್ಮ ಜನರ ಕೈಗೆ ನಿಲುಕುತ್ತದೆ. ಮುಖಪುಟ ಮಾತ್ರ ಕಾಕಾನ ಕಾಗದ. ಮುಖಪುಟದ ಒಳಬದಿಯಲ್ಲಿ ಕವಿ, ಪ್ರಕಾಶಕ, ಮುದ್ರಕರ ಹೆಸರಿನ ಕೆಳಗೆ ಇನ್ನೂ ಒಂದು ಸಾಲು ಸೇರಿಸಲು ಹೇಳಿದ್ದೇವೆ: ಈ ಕಾಗದಕ್ಕೆ ಮಣ್ಣು ಹೊತ್ತವರು, ಕಲಸಿದವರು, ಬಳಿದವರು ಇದ್ದಾರೆ. ಪ್ರೆಸ್ಸಿನವರು ಓದಿ, 'ಇಂಥಾದ್ದ ಯಾರೂ ಹಾಕಿಸೂದಿಲ್ಲರೀ' ಅಂದರು.

'ಹಾಕ್ರಿ' ಅಂದೆವು.